ಗದ್ದೆಗೆ ಹಚ್ಚದ ಕಡ್ಡಿ

ದಢೇಸುಗೂರಿನಲ್ಲಿ ಭತ್ತ ಕೊಯ್ಯುವ ಮಷೀನು ಹೋದ ಮರುದಿನ ಗದ್ದೆಯಲ್ಲಿ ಉಳಿದ ಹುಲ್ಲು ಸುಡಲು ಗಂಡಸರು ಮೊದಲು ಹುಡುಕುವುದು ಕಡ್ಡಿಪೆಟ್ಟಿಗೆ. ಸೂಗಪ್ಪನೂ ಒಂದನ್ನು ಜೇಬಿಗಿಳಿಸಿ ಹೊರಟ. ಹೆಂಡತಿ ಕಸ್ತೂರೆಮ್ಮ ಬಾಗಿಲಿಗೆ ಅಡ್ಡ ಬಂದಳು. ಹೋದ ವರ್ಷ ಅವನೇ ಹಚ್ಚಿದ ಬೆಂಕಿ ಬದು ದಾಟಿ ಅವರ ಬಣವೆಯನ್ನೇ ಸುಟ್ಟಿತ್ತು. ಮೇವಿಲ್ಲದೆ ಎಮ್ಮೆ ಮಾರಿದ ದಿನ ಅವಳು ಊಟ ಬಿಟ್ಟಿದ್ದಳು. ಈಗ ಆ ಎಮ್ಮೆಯ ಕರುವಿಗೆಂದು ಒಟ್ಟಿದ ಬಣವೆ ಅದೇ ಜಾಗದಲ್ಲಿದೆ.

“ಹಚ್ಚಬ್ಯಾಡ್ರಿ,” ಎಂದಳು.

“ಕಾಲುವಿಗೆ ನೀರು ಬರಾಕ ಎಂಟೇ ದಿನ ಐತಿ, ಅಷ್ಟರಾಗ ಗದ್ದಿ ಖಾಲಿ ಆಗಬೇಕು. ಗದ್ದ್ಯಾಗಿನ ಹುಲ್ಲು ನೀ ತಿಂತೀಯೇನು?”

“ನಾ ಅಲ್ಲ, ಹಾಜಿರಾನ ಟಾಕಿ ತಿಂತೈತಿ. ನೋಡಿ ಬಂದು ಆಮ್ಯಾಲ ಹಚ್ಚೀರಂತ.”

ಟಾಕಿ ಹುಲ್ಲು ತಿನ್ನುವುದೆಂದರೇನು? ಸೂಗಪ್ಪನ ಕಾಲು ಅತ್ತ ತಿರುಗಿತು. ಕಸ್ತೂರೆಮ್ಮನೂ ಹಿಂದೆಯೇ ಹೊರಟಳು.

ಮಹಿಳಾ ಸಂಘದ ಹಾಜಿರಾಬೀಯ ಹಿತ್ತಲಲ್ಲಿ ಗೋಬರ್ ಗ್ಯಾಸಿನ ಟಾಕಿ ಇತ್ತು. ಸೂಗಪ್ಪ ಅದನ್ನು ಎರಡು ಸುತ್ತು ಹಾಕಿದ, ಪೈಪು ಮುಟ್ಟಿ ನೋಡಿದ.

“ಇದರಾಗ ಹುಲ್ಲೆಲ್ಲಿ ಐತಿ?”

“ಸಣ್ಣಗ ಕತ್ತರಿಸಿ, ನೆನಸಿ, ಸಗಣಿ ಜೋಡಿ ಹಾಕೀನಣ್ಣ. ಗಾಳಿ ಆಡದಂಗ ಮುಚ್ಚಿದ್ರ ಒಳಗ ಕೊಳತು ಗ್ಯಾಸ್ ಏಳ್ತೈತಿ. ಮೊದಲ ಸಲ ಬಣವಿ ಒಟ್ಟಿದಂಗ ಉದ್ದುದ್ದ ಹುಲ್ಲು ತುರುಕಿದ್ದೆ. ಎಲ್ಲಾ ಮ್ಯಾಲ ತೇಲಿ ಕುಂತು, ತಿಂಗಳಾದ್ರೂ ಒಲಿ ಹತ್ತಲಿಲ್ಲ!”

“ನನ್ನ ಆರು ಎಕರೆ ಹುಲ್ಲು ಇದರಾಗ ಹಿಡೀತೈತೇನು?”

“ಎಲ್ಲಿಂದ ಹಿಡೀತೈತಿ? ಅದಕ್ಕ ದೊಡ್ಡ ಗ್ಯಾಸ್ ಘಟಕ ಐತಿ. ಅಲ್ಲಿ ಗ್ಯಾಸ್ ಸೋಸಿದ್ರ ಗಾಡಿನೂ ಓಡ್ತಾವು. ಅಲ್ಲಿಗೆ ಒಯ್ಯಾಕ ಹುಲ್ಲು ಸುತ್ತಿ ಕಟ್ಟು ಕಟ್ಟೋ ಮಷೀನು ನಾಳೆ ನಮ್ಮ ಸಂಘದವರ ಗದ್ದಿಗೆ ಬರ್ತೈತಿ. ನೀವು ಹೂಂ ಅಂದ್ರ ನಿಮ್ಮ ಗದ್ದಿಗೂ ಇಳೀತೈತಿ. ನೀರು ಬರೋದ್ರಾಗ ಗದ್ದಿ ಖಾಲಿ.”

“ಹುಲ್ಲಿನಿಂದ ಗಾಡಿ ಓಡ್ತಾವಂತ! ಯಾರಿಗೆ ಹೇಳ್ತೀಯವ್ವಾ?”

“ಗಾಡಿ ಆಮ್ಯಾಲ, ಮೊದಲು ಚಹಾ ಕುಡೀರಿ. ಅಕ್ಕಾ, ಒಲಿ ಹಚ್ಚು.”

ಕಸ್ತೂರೆಮ್ಮ ಗಂಡನ ಮುಂದೆ ಕೈ ಚಾಚಿದಳು. “ಕಡ್ಡಿಪೆಟ್ಟಿಗಿ ಕೊಡ್ರಿ.”

ಒಲೆಯಲ್ಲಿ ನೀಲಿ ಉರಿ ಎದ್ದಿತು. ಹೊಗೆಯೇ ಇಲ್ಲ. ಸೂಗಪ್ಪ ಬಗ್ಗಿ ಬಗ್ಗಿ ನೋಡಿದ. ಚಹಾ ಮುಗಿಯುವಷ್ಟರಲ್ಲಿ ಹತ್ತು ಪ್ರಶ್ನೆ ಕೇಳಿದ. “ನಾಳೆ ಮಷೀನು ಎಷ್ಟೊತ್ತಿಗೆ ಬರ್ತೈತಿ?” ಎಂಬುದು ಹನ್ನೊಂದನೆಯದು.

ಎದ್ದು ಹೊರಟವನು ಜೇಬು ಮುಟ್ಟಿಕೊಂಡ. “ನನ್ನ ಕಡ್ಡಿಪೆಟ್ಟಿಗಿ?”

“ನನ್ನ ಹಂತ್ಯಾಕ ಇರ್ಲಿ,” ಎಂದು ಕಸ್ತೂರೆಮ್ಮ ಅದನ್ನು ಸೆರಗಿಗೆ ಗಂಟು ಹಾಕಿಕೊಂಡಳು. ಬಹಳ ದಿನಕ್ಕೆ ಅವಳಿಗೆ ನಿರಾಳವಾಯಿತು.

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯ ಕಡ್ಡಿಪೆಟ್ಟಿಗೆ ಈಗ ಯಾರ ಕೈಯಲ್ಲಿದೆ? ಗದ್ದೆಗೆ ಹಚ್ಚುವ ಮೊದಲು ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ, ಹುಲ್ಲು ಕಟ್ಟುವ ಮಷೀನು ಎಲ್ಲಿ ಸಿಗುತ್ತದೆಂದು ಕೇಳಿ. ಹುಲ್ಲು ಉರಿಯುವುದಾದರೆ ಒಲೆಯಲ್ಲಿ ಉರಿಯಲಿ.