ನೆಲ ಬಿಡದ ಕಾಲು

"ಇಲ್ಲಿ ಅವನು ಓಡ್ತಾನೆ ಅಂತ ಬರ್ದಿದ್ದೀರಲ್ಲ," ಎಂದು ಅವನು ಅವಳ ಹಸ್ತಪ್ರತಿಯ ಇನ್ನೂರ ಹನ್ನೊಂದನೆಯ ಪುಟದ ಮೇಲೆ ಪೆನ್ಸಿಲಿನ ತುದಿ ಇಟ್ಟ. "ಓಡೋ ಹಾಗಿಲ್ಲ."

ಬಾಗಿಲ ಬಳಿ ಅವನ ಎರಡು ಚೀಲಗಳು ಆಗಲೇ ಸಿದ್ಧವಾಗಿದ್ದವು. ರೈಲು ನಿಲ್ದಾಣಕ್ಕೆ ಇಪ್ಪತ್ತು ನಿಮಿಷಕ್ಕೊಂದು ಬಸ್ಸು. ಅವಳು ಎದುರು ಕೂತು, ಆರಿಹೋದ ಚಹಾದ ಲೋಟವನ್ನು ಸುಮ್ಮನೆ ತಿರುಗಿಸುತ್ತಿದ್ದಳು.

ಅವನು ವೇಗದ ನಡಿಗೆಯ ಸ್ಪರ್ಧಿ. ಯಾವ ಗಳಿಗೆಯಲ್ಲೂ ಒಂದು ಕಾಲು ನೆಲದ ಮೇಲಿರಬೇಕು. ಎರಡೂ ಕಾಲು ಗಾಳಿಯಲ್ಲಿದ್ದದ್ದು ಮೂವರು ತೀರ್ಪುಗಾರರ ಕಣ್ಣಿಗೆ ಬಿದ್ದರೆ ಆಟ ಮುಗಿಯಿತು. ಸೊಂಟ ಕುಲುಕಿಸಿ ನಡೆಯುವ ಅವನನ್ನು ಕೆಳಮನೆಯ ಅಜ್ಜಿ ಬಾತುಕೋಳಿ ಎಂದೇ ಕರೆಯುತ್ತಿದ್ದರು. ಅವಳು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಅವನ ಕ್ಲಬ್ಬು ಮದುವೆಯಾದ ಆಟಗಾರರಿಗಷ್ಟೇ ಕ್ವಾರ್ಟರ್ಸ್ ಕೊಡುತ್ತಿತ್ತು. ಅವಳಿಗೆ ಅಣ್ಣ ಅತ್ತಿಗೆಯ ನಡುಮನೆಯ ಮೂಲೆಯಿಂದ ಪಾರಾಗಬೇಕಿತ್ತು. ನಾಲ್ಕು ವರ್ಷಗಳ ಹಿಂದೆ, ಏನನ್ನೂ ಮುಚ್ಚಿಡದೆ ಮಾತಾಡಿಕೊಂಡು, ಇಬ್ಬರೂ ರಿಜಿಸ್ಟರ್ ಮದುವೆಯಾದರು. ಒಬ್ಬೊಬ್ಬರಿಗೆ ಒಂದೊಂದು ಕೋಣೆ, ಅಡುಗೆ ಸರದಿಯಲ್ಲಿ, ಅವನ ಆಟ ಮುಗಿದ ದಿನ ಇಬ್ಬರಿಗೂ ಬಿಡುಗಡೆ. ಈ ವರ್ಷ ಹನ್ನೊಂದು ಸೆಕೆಂಡಿನಿಂದ ಅವನಿಗೆ ತಂಡದ ಆಯ್ಕೆ ತಪ್ಪಿತು. ದೂರದ ಊರಲ್ಲಿ ತರಬೇತುದಾರನ ಕೆಲಸ ಸಿಕ್ಕಿತು. ಬೇರೆಯಾಗುವ ಕಾಗದಕ್ಕೆ ಸಹಿ ಬಿದ್ದಾಗಿತ್ತು.

ಒಪ್ಪಂದದಲ್ಲಿ ಇಲ್ಲದ ಒಂದೇ ಒಂದು ಕೆಲಸವನ್ನು ಅವಳು ಮಾಡಿದ್ದಳು: ಕಾದಂಬರಿ ಬರೆದಿದ್ದಳು. ಅದರಲ್ಲೂ ಒಬ್ಬ ನಡಿಗೆಗಾರ, ಒಬ್ಬಳು ಲ್ಯಾಬಿನವಳು, ಅನುಕೂಲಕ್ಕೆಂದು ಆದ ಮದುವೆ. ಹದಿನಾಲ್ಕನೆಯ ಅಧ್ಯಾಯದಲ್ಲಿ ಅವರಿಗೆ ಪ್ರೀತಿ ಹುಟ್ಟುತ್ತದೆ. ಕೊನೆಯಲ್ಲಿ, ಗೆಲ್ಲಲು ನೂರು ಮೀಟರು ಉಳಿದಿರುವಾಗ, ಹೊರಟುಹೋಗುತ್ತಿರುವ ಅವಳನ್ನು ಕಂಡು ಅವನು ಸ್ಪರ್ಧೆ ಬಿಟ್ಟು ಓಡುತ್ತಾನೆ. ಬಾಯಿಬಿಟ್ಟು ಹೇಳಲಾಗದ್ದನ್ನೆಲ್ಲ ಬರೆದು, "ಆಟದ ವಿಷಯ ಏನಾದ್ರೂ ತಪ್ಪಿದ್ರೆ ಗುರುತು ಹಾಕಿ," ಎಂಬ ನೆಪದಲ್ಲಿ ಗಂಡನ ಕೈಗಿಟ್ಟಿದ್ದಳು.

ನಿನ್ನೆ ಪ್ರಕಾಶನದ ಸಂಪಾದಕಿ ಫೋನು ಮಾಡಿದ್ದರು. "ಬೇಜಾರ್ ಮಾಡ್ಕೋಬೇಡಿ ಕಣಮ್ಮ. ಮದುವೆ ಚೆನ್ನಾಗಿದೆ, ಸ್ಪರ್ಧೆ ಚೆನ್ನಾಗಿದೆ. ಪ್ರೀತಿ ಮಾತ್ರ ನೆಗಡಿ ಬಂದ ಹಾಗೆ ಬಂದ್ಬಿಟ್ಟಿದೆ. ಇವಳಲ್ಲಿ ಏನು ಕಂಡ ಅವನು? ಒಂದೇ ಒಂದು ಕಾರಣ ಸಿಕ್ರೂ ಸಾಕು, ಸೇರಿಸಿ ಕಳ್ಸಿ."

ಅವಳು ನಾಲ್ಕು ವರ್ಷಗಳನ್ನೂ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದಳು. ತನ್ನ ಕಡೆಯ ಕಾರಣಗಳು ಬೇಕಾದಷ್ಟು ಸಿಕ್ಕವು. ತೊಳೆದ ಲೋಟವನ್ನು ಬೋರಲು ಹಾಕುವ ಮೊದಲು ಅವನು ಬೆಳಕಿಗೆ ಹಿಡಿದು ನೋಡುತ್ತಿದ್ದ. ಅವಳಿಗೆ ಜ್ವರ ಬಂದಾಗ ಬಾಗಿಲಾಚೆ ನಿಂತು ಗಂಟೆಗೊಮ್ಮೆ "ಈಗ ಎಷ್ಟಿದೆ?" ಎಂದು ಕೇಳಿ ಬರೆದಿಟ್ಟುಕೊಂಡಿದ್ದ. ಅವನ ಕಡೆಯ ಕಾರಣ ಒಂದೂ ಸಿಗಲಿಲ್ಲ.

"ಓಡಿದ್ರೆ ಏನಾಗುತ್ತೆ?" ಎಂದಳು ಈಗ.

"ಔಟ್. ಅಷ್ಟು ವರ್ಷ ಅಭ್ಯಾಸ ಮಾಡಿದವನಿಗೆ ಓಡೋಕೆ ಕಾಲೇ ಏಳಲ್ಲ."

"ಅವಳು ಹೋಗ್ಬಿಡ್ತಾಳಲ್ಲ?"

ಅವನು ಪ್ರಾಮಾಣಿಕವಾಗಿಯೇ ಯೋಚಿಸಿದ. "ನೂರು ಮೀಟರಿಗೆ ಇಪ್ಪತ್ತೈದು ಸೆಕೆಂಡು ಸಾಕು. ನಡ್ಕೊಂಡೇ ಗೆದ್ದು, ಆಮೇಲೆ ಹೋಗ್ಲಿ. ಇಪ್ಪತ್ತೈದು ಸೆಕೆಂಡಲ್ಲಿ ಯಾರೂ ಅಷ್ಟು ದೂರ ಹೋಗಿರಲ್ಲ."

"ಹದಿನಾಲ್ಕನೇ ಅಧ್ಯಾಯಕ್ಕೆ ನೀವು ಒಂದು ಗುರುತೂ ಹಾಕಿಲ್ಲ."

"ಅದ್ರಲ್ಲಿ ಆಟದ ವಿಷಯ ಇಲ್ವಲ್ಲ." ಅವನು ಆ ಹಾಳೆಗಳನ್ನು ತೆಗೆದು ಮತ್ತೊಮ್ಮೆ ನೋಡಿದ, ಪೆನ್ಸಿಲು ಅಂಚಿನ ತನಕ ಹೋಗಿ ನಿಂತಿತು. "ನಂಗೆ ಗೊತ್ತಿಲ್ಲದ ವಿಷಯ ಅದು. ನಾನೇನು ತಿದ್ಲಿ?"

ಅವಳು ಹಾಳೆಗಳಿಂದ ಕಣ್ಣೆತ್ತಿ ಬಾಗಿಲ ಬಳಿಯ ಚೀಲಗಳ ಕಡೆ ನೋಡಿದಳು.

"ಛತ್ರಿ ಇಟ್ಕೊಂಡ್ರಾ?" ಎಂದಳು.

"ಹೂಂ. ಪುಸ್ತಕ ಬಂದ್ರೆ ನಂಗೊಂದು ಪ್ರತಿ ಕಳ್ಸಿ." ಹಾಳೆಗಳ ಅಂಚು ಸರಿಮಾಡಿ, ಅವುಗಳ ಮೇಲೆ ಪೆನ್ಸಿಲನ್ನು ನೇರವಾಗಿಟ್ಟು ಅವನು ಎದ್ದ.

ಮೂರನೆಯ ಮಹಡಿಯ ಕಿಟಕಿಯಿಂದ ಅವಳು ನೋಡಿದಳು. ಅವನು ಗೇಟು ದಾಟುವ ಹೊತ್ತಿಗೆ ಬಸ್ಸು ರಸ್ತೆಯಾಚೆಯ ನಿಲುಗಡೆಯಲ್ಲಿತ್ತು. ಕೊನೆಯ ಪ್ರಯಾಣಿಕ ಹತ್ತಿ ಬಾಗಿಲು ಅರ್ಧ ಮುಚ್ಚಿತು.

"ಓಡೋ ಬಾತುಕೋಳಿ, ಬಸ್ಸು ಹೋಗ್ತಿದೆ!" ಕೆಳಗಿನಿಂದ ಅಜ್ಜಿ ಕೂಗಿದರು. "ಅಯ್ಯೋ, ಓಡೋ!"

ಅವನು ಎರಡು ಕೈಯಲ್ಲಿ ಎರಡು ಚೀಲ ಹಿಡಿದು, ಸೊಂಟ ಕುಲುಕಿಸುತ್ತ, ಹಿಮ್ಮಡಿ ಊರಿ ಊರಿ ನಡೆದ. ಬಸ್ಸು ಹೊರಟುಹೋಯಿತು. ಅವನು ಚೀಲಗಳನ್ನು ಒಂದರ ಪಕ್ಕ ಒಂದು ನಿಲ್ಲಿಸಿ, ಗಡಿಯಾರ ನೋಡಿಕೊಂಡು, ಬಸ್ಸು ಬರುವ ದಿಕ್ಕಿಗೆ ಮುಖಮಾಡಿ ನಿಂತ.

ಮೆಟ್ಟಿಲಿಳಿಯಲು ಒಂದು ನಿಮಿಷ, ರಸ್ತೆ ದಾಟಲು ಇನ್ನೊಂದು. ಹದಿನೆಂಟು ನಿಮಿಷ ಉಳಿಯುತ್ತದೆ ಎಂದು ಅವಳು ಲೆಕ್ಕ ಹಾಕಿದಳು. ಸ್ವಲ್ಪ ಹೊತ್ತಿನ ಮೇಲೆ, ಹದಿನಾಲ್ಕು. ಚಪ್ಪಲಿ ಕಾಲಲ್ಲೇ ಇತ್ತು. ಆಮೇಲೆ, ಒಂಬತ್ತು. ಅವಳ ಎರಡೂ ಪಾದಗಳು ಕಿಟಕಿಯ ಕೆಳಗಿನ ನೆಲದ ಮೇಲೆ ಜೊತೆಯಾಗಿ ಊರಿಕೊಂಡಿದ್ದವು.