ನಾಲ್ಕನೆಯ ಮೆಟ್ಟಿಲು

ಇಡೀ ಬಸವೇಶ್ವರನಗರದಲ್ಲಿ ಸುಧೀಂದ್ರ ರಾಯರು ಮೆಚ್ಚಿದ ನರಪ್ರಾಣಿ ಒಂದೂ ಇರಲಿಲ್ಲ. ಕೆಳಗಿನ ಪೋರ್ಷನ್ನಿನ ಬಾಡಿಗೆಯವರು ಬಾಟಲಿಗೆ ಬಾಯಿಟ್ಟು ನೀರು ಕಚ್ಚಿ ಕುಡಿಯುವ ಜನ. ಎದುರು ಮನೆಯವರು ಎಂಜಲು ಮುಸುರೆ ಅರಿಯದವರು. ಡಾಕ್ಟರುಗಳೋ, ಸೀಟು ಕೊಂಡು ಓದಿದವರು. ಕಾಲೇಜಿನಲ್ಲಿ ಮೂವತ್ತು ವರ್ಷ ಕೆಮಿಸ್ಟ್ರಿ ಪಾಠ ಹೇಳಿದ ತಮಗೆ ಇವರು ಯಾರೂ ಕಲಿಸಬೇಕಾದ್ದೇನಿಲ್ಲ ಎಂದು ಅವರ ನಂಬಿಕೆ. ತಾವು ಹಿಡಿದ ಮೊಲಕ್ಕೆ ಮೂರೇ ಕಾಲು.

ಇಂಥವರಿಗೆ ಅಸ್ತಮಾ ಬಂತು. ಆ ಕಾಯಿಲೆಗೆ, ಪಾಪ, ದೊಡ್ಡ ಮನುಷ್ಯರು ಯಾರು ಅಂತ ಗೊತ್ತಾಗುವುದಿಲ್ಲ.

ಹಳೆಯ ಡಾಕ್ಟರು ಮೊದಲ ದಿನವೇ ಬಿಡಿಸಿ ಹೇಳಿದ್ದರು: ಇದರ ಚಿಕಿತ್ಸೆ ಮೆಟ್ಟಿಲು ಹತ್ತಿ ಇಳಿದ ಹಾಗೆ. ಕಡಿಮೆ ಔಷಧಿಯ ಇನ್ಹೇಲರ್‌ನಿಂದ ಶುರು; ಉಬ್ಬಸ ಹತೋಟಿಗೆ ಬರದಿದ್ದರೆ ಒಂದು ಮೆಟ್ಟಿಲು ಮೇಲೆ, ಬಂದರೆ ಮೆಲ್ಲಗೆ ಒಂದು ಕೆಳಗೆ. ರಾಯರು ಹದಿನಾಲ್ಕು ತಿಂಗಳಲ್ಲಿ ಮೇಲಕ್ಕೇ ಹತ್ತಿದರು. ಪ್ರತಿ ಸಲವೂ "ಸರಿಯಾಗಿ ತಗೋತಿದೀರಾ?" ಎಂದು ಡಾಕ್ಟರು ಕೇಳುವುದು, "ಅಷ್ಟೂ ಬರಲ್ವೇನ್ರಿ ನಂಗೆ?" ಎಂದು ಇವರು ಬಾಯಿ ಮುಚ್ಚಿಸುವುದು. ಈಗ ಮೂರನೆಯದೂ ಸಾಲದೆ, ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಇನ್ನುಳಿದದ್ದು ನಾಲ್ಕನೆಯದು, ದಿನಾ ನುಂಗುವ ಸ್ಟೀರಾಯ್ಡ್ ಮಾತ್ರೆ. ಅವರ ಅಣ್ಣ ಅದನ್ನೇ ವರ್ಷಗಟ್ಟಲೆ ನುಂಗಿ, ಮುಖ ಊದಿ, ಮೂಳೆ ಟೊಳ್ಳಾಗಿ, ಸೊಂಟ ಮುರಿದುಕೊಂಡು ಮಲಗಿದವನು ಮತ್ತೆ ಏಳಲಿಲ್ಲ. ರಾಯರಿಗೆ ಲೋಕದಲ್ಲಿ ಹೆದರಿಕೆ ಅಂತ ಇದ್ದರೆ ಅದು ಆ ಮಾತ್ರೆಗೆ ಮಾತ್ರ.

ಹಳೆಯ ಡಾಕ್ಟರು ಊರು ಬಿಟ್ಟಿದ್ದರಿಂದ ಆ ದಿನ ಕ್ಲಿನಿಕ್ಕಿನಲ್ಲಿ ಧನ್ಯಶ್ರೀ ಎಂಬ ಹೊಸ ಡಾಕ್ಟರ್ ಕೂತಿದ್ದಳು. ಇನ್ನೂ ಮೂವತ್ತೂ ಆಗಿರಲಾರದು. ರಾಯರು ಜೊತೆಗೆ ಬಂದಿದ್ದ ಹೆಂಡತಿ ಕಲಾಳ ಕಡೆ ನೋಡಿ ಮೂಗು ಮುರಿದರು.

"ಮಾತ್ರೆ ಬರೆಯೋಕ್ಮುಂಚೆ ಒಂದ್ಸಲ ಇನ್ಹೇಲರ್ ತಗೊಂಡು ತೋರಿಸಿ ಅಂಕಲ್," ಎಂದಳು ಧನ್ಯಶ್ರೀ.

"ಏನಮ್ಮ, ಪ್ರಾಕ್ಟಿಕಲ್ ಎಗ್ಸಾಮಾ?"

"ಹಾಗೇ ಅಂದ್ಕೊಳ್ಳಿ."

ರಾಯರು ತಲೆ ಹಿಂದಕ್ಕೆ ವಾಲಿಸಿದರು. ಇನ್ಹೇಲರನ್ನು ತುಟಿಯಿಂದ ನಾಲ್ಕು ಬೆರಳು ಮೇಲೆ ಎತ್ತಿ ಹಿಡಿದು, ಚೊಂಬಿನಿಂದ ನೀರು ಸುರಿದುಕೊಳ್ಳುವ ಗತ್ತಿನಲ್ಲಿ ಒತ್ತಿ, ಗುಟುಕ್ಕೆಂದು ನುಂಗಿದರು. ಔಷಧಿ ಒಂದಿಷ್ಟು ಮೀಸೆಯ ಮೇಲೆ ಕೂತಿತು, ಉಳಿದದ್ದು ಫ್ಯಾನಿನ ಗಾಳಿಗೆ ಹೋಯಿತು. ಹದಿನಾಲ್ಕು ತಿಂಗಳೂ ನೀರಿನಲ್ಲಿ ಹೋಮ ಮಾಡಿದ ಹಾಗೆ.

"ಬಾಯಿಗೆ ಇಟ್ಕೊಳ್ಳಲ್ವಾ?"

"ನಮ್ಮಲ್ಲಿ ಏನನ್ನೂ ಕಚ್ಚಿ ಕುಡಿಯೋ ಪದ್ಧತಿ ಇಲ್ಲ."

ಧನ್ಯಶ್ರೀ ಪೆನ್ನು ಕೆಳಗಿಟ್ಟಳು. "ಹಾಗಿದ್ರೆ ಮಾತ್ರೆ ಬೇಡ ಅಂಕಲ್. ಮೂರು ಮೆಟ್ಟಿಲು ಹತ್ತಿದೀನಿ ಅಂತೀರಿ, ನೀವಿನ್ನೂ ಮೊದಲನೇದಕ್ಕೇ ಕಾಲಿಟ್ಟಿಲ್ಲ."

ಮಾತ್ರೆ ತಪ್ಪಿತೆಂದು ಹಿಗ್ಗಬೇಕಾದ ಮನುಷ್ಯ ಮುಖ ಕೆಂಪಗೆ ಮಾಡಿಕೊಂಡು ಹೆಂಡತಿಯ ಮೇಲೆ ಹಾರಿದರು.

"ದಿನಾ ಪಕ್ಕದಲ್ಲೇ ನಿಂತು ನೋಡ್ತಿದ್ದೆಯಲ್ಲ, ಹೇಳೋಕೇನಾಗಿತ್ತು ನಿಂಗೆ?"

"ಹೇಳಿದ್ನಲ್ರೀ, ಯುಗಾದಿ ಟೈಮಲ್ಲಿ," ಎಂದಳು ಕಲಾ, ದನಿ ಏರಿಸದೆ. "ನನ್ನ ತಂಗೀನೂ ಇದನ್ನೇ ತಗೋತಾಳೆ, ಬಾಯಲ್ಲಿಟ್ಟು ಎಳ್ಕೋತಾಳೆ ಅಂದೆ. ನಿಮ್ಮನೆಯೋರೆಲ್ಲ ಎಂಜಲು ಜನ ಅಂದ್ರಿ. ಆಮೇಲೆ ನಾನು ಸುಮ್ಮನಾದೆ."

ರಾಯರಿಗೆ ಆ ಮಾತು ಆಡಿದ ನೆನಪೂ ಇರಲಿಲ್ಲ. ದಿನಕ್ಕೆ ಅಂಥ ಹತ್ತು ಆಡುವವರಿಗೆ ಯಾವುದೆಂದು ನೆನಪಿರಬೇಕು?

"ಪೂರ್ತಿ ಉಸಿರು ಬಿಟ್ಟು, ಇದನ್ನ ಬಾಯಲ್ಲಿಟ್ಟು ತುಟಿ ಬಿಗಿಯಾಗಿ ಮುಚ್ಚಿ," ಎಂದಳು ಧನ್ಯಶ್ರೀ. "ಒತ್ತಿ ನಿಧಾನಕ್ಕೆ ಎಳ್ಕೊಳ್ಳಿ. ನಾನು ಹತ್ತು ಎಣಿಸೋವರೆಗೂ ಉಸಿರು ಹಿಡ್ಕೊಂಡಿರಿ, ಮಾತಾಡಬೇಡಿ."

ಅಣ್ಣನ ಊದಿದ ಮುಖ ಕಣ್ಣ ಮುಂದೆ ಬಂತು. ರಾಯರು ಇನ್ಹೇಲರಿಗೆ ಬಾಯಿ ಹಾಕಿ ಎಳೆದುಕೊಂಡರು. ಧನ್ಯಶ್ರೀ ಎಣಿಸತೊಡಗಿದಳು. ಉಸಿರು ಕಟ್ಟಿ ಕೂತ ರಾಯರಿಗೆ ಬಾಯಿ ತೆರೆಯುವ ಹಾಗಿರಲಿಲ್ಲ. ಹೆಂಡತಿಯ ಮುಖದಲ್ಲಿ ನಗು ಎಲ್ಲಾದರೂ ಇದೆಯೇ ಎಂದು ಹುಡುಕಿದರು. ಕಲಾ ನಗಲಿಲ್ಲ. ನಕ್ಕಿದ್ದರೆ ಆಮೇಲೆ ಬೈಯಬಹುದಿತ್ತು.