ಮದ್ದಿಲ್ಲದ ಹೊಲಿಗೆ

"ಗಂಡನ ಮಗ್ಗಲ ಮಲಗೂವಾಗ ಕಾಲು ಅಗಲ ಮಾಡಾಕ ಬರತಿತ್ತಲ್ಲ, ಈಗ ಎಲ್ಲಿಂದ ಬಂತು ನಾಚಿಕಿ ರಂಡೆಗೆ? ತೆಗಿ ಕಾಲು."

ಮಾತಿನ ಹಿಂದೆಯೇ ತೊಡೆಯ ಮೇಲೆ ಏಟು ಬಿತ್ತು. ದೇವಿಕಾ ಕಬ್ಬಿಣದ ಮೇಜಿನ ಅಂಚು ಹಿಡಿದುಕೊಂಡು ಕಾಲು ಸಡಿಲಿಸಿದಳು. ನರ್ಸ್ ಕಾವ್ಯ ಬೆರಳು ಹಾಕಿ ನೋಡಿ, ಗರ್ಭದ ಬಾಯಿ ಇನ್ನೂ ಅರ್ಧವೂ ತೆರೆದಿಲ್ಲವೆಂದು ಗೋಡೆಗೆ ಹೇಳುವಂತೆ ಹೇಳಿ, ಕೈಗವಸು ಕಿತ್ತು ಬಕೆಟ್ಟಿಗೆ ಎಸೆದಳು. ಕಾವ್ಯಳ ತವರು ರಾಯಚೂರು ಕಡೆಯ ಅಂಗಡಿಕಾರರ ಮನೆ. ಆಸ್ಪತ್ರೆಯಲ್ಲಿ ಎಲ್ಲರ ಜೊತೆ ತೆಲುಗಿನಲ್ಲೇ ಮಾತಾಡುತ್ತಿದ್ದಳು. ಅವಳ ಬಾಯಿಗೆ ಕನ್ನಡ ಬರುತ್ತಿದ್ದುದು ತೆಲಂಗಾಣದ ಗಡಿಯಲ್ಲಿ ಕನ್ನಡ ಆಡುವ ಮಾಗನೂರು, ನಾರ್ವ ಕಡೆಯ ಕೂಲಿ ಹೆಂಗಸರು ಈ ಮೇಜು ಹತ್ತಿದಾಗ, ಬೈಯುವುದಕ್ಕೆ.

ದೇವಿಕಾ ಮಾಗನೂರು ಹತ್ತಿರದ ಹಳ್ಳಿಯೊಂದರ ಮಾದಿಗರ ಕೇರಿಯ ಸೊಸೆ. ಗಂಡ ಮೌನೇಶ ಪುಣೆಯಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದ. ಅವಳೂ ಅತ್ತೆ ಅಮರಮ್ಮನೂ ಹತ್ತಿಬೀಜದ ಹಂಗಾಮಿಗೆಂದು ಗದ್ವಾಲ ಸೀಮೆಗೆ ಬಂದು, ಉಂಡವಳ್ಳಿ ಕಡೆ ಶಂಕರಯ್ಯನ ಹೊಲದ ತಗಡಿನ ಶೆಡ್ಡಿನಲ್ಲಿ ಉಳಿದಿದ್ದರು. ಗಂಡುಹೂವಿನ ಪುಡಿಯನ್ನು ಹೆಣ್ಣುಹೂವಿಗೆ ಸವರುವ ಕೆಲಸ ಅದು. ಬಿಸಿಲು ಏರುವುದರೊಳಗೆ ಮುಗಿಯಬೇಕು. ಆ ದಿನ ಬೆಳಿಗ್ಗೆ ಸಾಲಿನ ನಡುವೆ ಬಗ್ಗಿದ್ದಾಗಲೇ ದೇವಿಕಾಳ ಹೊಟ್ಟೆಯ ನೀರು ಒಡೆದು ಕಾಲಗುಂಟ ಇಳಿಯಿತು. ಅಮರಮ್ಮ ಕೂಗಿಕೊಂಡಳು. ಬದುವಿನ ಮೇಲೆ ನಿಂತಿದ್ದ ಶಂಕರಯ್ಯ ಕಿವಿಯಿಂದ ಫೋನು ತೆಗೆಯದೆಯೇ ನೋವು ಬಂದಿದೆಯೇ ಎಂದು ಕೇಳಿದ. ಇನ್ನೂ ಇಲ್ಲ ಎಂದಳು ಅಮರಮ್ಮ.

"ಇಲ್ಲಂದ್ರ ಸಾಲು ಮುಗಸು. ಹೂವು ಬಾಡಿದ್ರ ಬೀಜ ನಿಮ್ಮಪ್ಪ ಕಟ್ಟತಾನೇನು?"

ಸಾಲು ಮುಗಿಯುವ ಹೊತ್ತಿಗೆ ದೇವಿಕಾ ಮಣ್ಣಿನ ಮೇಲೆ ಮಂಡಿಯೂರಿದ್ದಳು. ಶಂಕರಯ್ಯನ ಜೀಪು ಬೇವಿನ ನೆರಳಿನಲ್ಲಿ ನಿಂತಿತ್ತು. ಸೀಟು ಹೊಲಸಾಗುತ್ತದೆ ಎಂದ. ಆ ಕೆಸರು ದಾರಿಗೆ ಆಂಬುಲೆನ್ಸ್ ಬರುವುದಿಲ್ಲವೆಂದು ಅವನೇ ತೀರ್ಮಾನ ಮಾಡಿದ. ಗೊಬ್ಬರ ಇಳಿಸಿದ್ದ ಟ್ರಾಲಿ ಆಟೋದಲ್ಲಿ ಖಾಲಿ ಚೀಲ ಹಾಸಿ ಅವಳನ್ನು ಮಲಗಿಸಿದರು. ಆಟೋ ಹೆದ್ದಾರಿಗೆ ತಿರುಗುವವರೆಗೂ ಅವನು ಫೋನಿನಲ್ಲಿ ಡ್ರೈವರನಿಗೆ ಚೀಲಗಳ ಮಾತನ್ನೇ ಹೇಳುತ್ತಿದ್ದ. ವಾಪಸ್ ತರಬೇಕಂತೆ, ತೊಳೆದು.

ಸರ್ಕಾರಿ ಆಸ್ಪತ್ರೆಗೆ ಬಂದಾಗ ನೋವು ಅಲೆಯಲೆಯಾಗಿ ಬರುತ್ತಿತ್ತು. ನೋವು ಬಂದಾಗ ದೇವಿಕಾ ಕಿಟಕಿಯ ಸರಳು ಹಿಡಿದು ಬಾಗಿ ನಿಲ್ಲುವಳು, ಅಮರಮ್ಮ ಸೊಂಟ ತಿಕ್ಕುವಳು, ಹೋದಾಗ ನಾಲ್ಕು ಹೆಜ್ಜೆ ಅಡ್ಡಾಡುವಳು. ಹಾಗೆ ತಡೆಯುವಂತಿತ್ತು. ಕಾವ್ಯ ಅದನ್ನು ಕಂಡು ಇದೇನು ಸಂತೆಯೋ ಎಂದು ಕೇಳಿ, ಅಮರಮ್ಮನನ್ನು ಹೊರಗೆ ದಬ್ಬಿದಳು. ಅಡ್ಡಾಡಿದರೆ ಸ್ವಲ್ಪ ಹಗುರ ಆಗತೈತಿ ರೀ ಎಂದು ದೇವಿಕಾ ಅಂಗಲಾಚಿದಳು. ನಿನ್ನ ಹಗುರ ನೋಡುವುದಕ್ಕೆ ಯಾರೂ ಇಲ್ಲಿ ಕೂತಿಲ್ಲ ಎಂಬ ಉತ್ತರ ಬಂತು. ಅಂಗಾತ ಮಲಗಿಸಿದ ಮೇಲೆ ನೋವೆಲ್ಲ ಬೆನ್ನೆಲುಬಿಗೆ ಇಳಿಯಿತು.

ಡಾಕ್ಟರ್ ಸಾಯಿಪ್ರಸಾದ್ ಬಾಗಿಲಲ್ಲಿ ನಿಂತು ನೋಡಿದ. ಮಧ್ಯಾಹ್ನದ ಮೇಲೆ ಅವನು ತನ್ನ ಸ್ವಂತ ಕ್ಲಿನಿಕ್ಕಿನಲ್ಲಿ ಕೂರುತ್ತಿದ್ದ. ಚೊಚ್ಚಲು, ಇನ್ನೂ ಹೊತ್ತು ಹಿಡಿಯುತ್ತದೆ ಎಂದಳು ಕಾವ್ಯ. ಅಷ್ಟು ಹೊತ್ತು ತನಗಿಲ್ಲ ಎಂದ. ಸಲೈನ್ ಬಾಟಲಿಗೆ ನೋವು ಹೆಚ್ಚಿಸುವ ಮದ್ದು ಸೇರಿತು. ಅದು ತೊಟ್ಟು ತೊಟ್ಟಾಗಿ ಇಳಿಯಬೇಕು. ಅವನು ತಿರುಪು ಸಡಿಲಿಸಿ ಓಡಲು ಬಿಟ್ಟ. ಕೂಸಿನ ಎದೆಬಡಿತ ಕೇಳುವ ಯಂತ್ರ ಗೋಡೆಯ ಮೊಳೆಗೆ ನೇತಾಡುತ್ತಿತ್ತು. ಅದನ್ನು ಯಾರೂ ತೆಗೆಯಲಿಲ್ಲ.

ಆಮೇಲೆ ಅಲೆಗಳ ನಡುವಿನ ಬಿಡುವು ಹೋಯಿತು. ಹೊಟ್ಟೆ ಕಲ್ಲಾಗಿ ಕಲ್ಲಾಗಿಯೇ ಉಳಿಯಿತು. ದೇವಿಕಾ ಅರಚಿದಳು. ಕಾವ್ಯ ಅವಳ ಸೀರೆಯ ಸೆರಗನ್ನೇ ಮುದುರಿ ಬಾಯಿಗೆ ತುರುಕಿದಳು. ಹೊರಗೆ ಅಮರಮ್ಮ ಬಾಗಿಲ ಸಂದಿಗೆ ಬಾಯಿಟ್ಟು ಮಗಳೇ, ಮಗಳೇ ಎನ್ನುತ್ತಿದ್ದುದು ಒಳಗೆ ಕೇಳುತ್ತಿತ್ತು.

ತಲೆ ಕಂಡಿತು, ಆದರೆ ಮುಂದೆ ಬರಲಿಲ್ಲ. ಡಾಕ್ಟರು ಮೂಲೆಯತ್ತ ನೋಡಿದ. ಅಲ್ಲಿ ಮೊಗುಲಮ್ಮ ನೆಲದ ರಕ್ತ ಒರೆಸುತ್ತಿದ್ದಳು. ನಾರ್ವ ಕಡೆಯವಳು, ಗುತ್ತಿಗೆಯ ಮೇಲೆ ಕಸ ಹೊಡೆಯಲು ಬಂದವಳು. ಹೊಟ್ಟೆ ಒತ್ತುವುದು ಅವಳ ಕೆಲಸವಲ್ಲ. ಡಾಕ್ಟರಿಗೆ ಅವಸರವಾದಾಗಲೆಲ್ಲ ಅವಳ ಕೆಲಸವಾಗುತ್ತಿತ್ತು.

"ನೊಕ್ಕವೇ," ಎಂದ ತೆಲುಗಿನಲ್ಲಿ. ಒತ್ತೇ.

ಮೊಗುಲಮ್ಮ ಸ್ಟೂಲು ಹತ್ತಿ, ದೇವಿಕಾಳ ಪಕ್ಕೆಲುಬಿನ ಕೆಳಗೆ ಎರಡೂ ಮುಂಗೈ ಇಟ್ಟು ಮೈಭಾರವನ್ನೆಲ್ಲ ಬಿಟ್ಟಳು. ದೇವಿಕಾಳ ಉಸಿರು ಸಿಕ್ಕಿಕೊಂಡಿತು. ಬಾಯಿಯ ಬಟ್ಟೆಯನ್ನು ನಾಲಿಗೆಯಿಂದ ನೂಕಿ ಹೊರಗೆ ಹಾಕಿದಳು.

"ಯಕ್ಕಾ, ಒತ್ತಬ್ಯಾಡ. ಒಳಗ ಹರಿಯಾಕತ್ತೈತಿ."

ಮೊಗುಲಮ್ಮ ಕೈ ಎತ್ತಿದಳು. ಒಂದು ಗಳಿಗೆ ಆ ಮುಖ ನೋಡಿದಳು. ಆಮೇಲೆ ಸ್ಟೂಲಿನಿಂದ ಇಳಿದು, ತನ್ನ ಕೈಯಲ್ಲಿ ಆಗುವುದಿಲ್ಲ ಸಾರ್ ಎಂದಳು. ನಾಳೆಯಿಂದ ಗೇಟಿನೊಳಗೆ ಕಾಲಿಡಬೇಡ ಎಂದ ಡಾಕ್ಟರು. ಎರಡೂ ಒಂದೇ ಕೇರಿಯವು, ಒಂದಕ್ಕೊಂದು ಹೆಂಗ ಒತ್ತತಾವ ಎಂದು ಕಾವ್ಯ ತಾನೇ ಸ್ಟೂಲು ಹತ್ತಿದಳು.

ಚರ್ಮ ಮರಗಟ್ಟಿಸದೆಯೇ ಡಾಕ್ಟರು ಕತ್ತರಿ ಹಾಕಿದ. ಒದ್ದೆ ಗೋಣಿ ಸೀಳಿದಂಥ ಸದ್ದಾಯಿತು. ಆ ಸೀಳಿನಿಂದ ಕೂಸು ಜಾರಿ ಹೊರಬಿತ್ತು. ಹೆಣ್ಣು, ಮೈಯೆಲ್ಲ ನೀಲಿ. ಅಳಲಿಲ್ಲ. ಹೊಕ್ಕುಳ ಬಳ್ಳಿ ಕತ್ತರಿಸಿ ಕಾವ್ಯ ಅದನ್ನು ಪಕ್ಕದ ಮೇಜಿಗೆ ಒಯ್ದಳು. ಕೊಳವೆಯಿಂದ ಬಾಯಿಯ ಲೋಳೆ ಎಳೆದಳು, ಬೆನ್ನು ತಿಕ್ಕಿದಳು, ಅಂಗಾಲಿಗೆ ಹೊಡೆದಳು. ದೇವಿಕಾ ತಲೆ ಹೊರಳಿಸಿ ಅವಳ ಬೆನ್ನನ್ನೇ ನೋಡುತ್ತಿದ್ದಳು. ಕಾವ್ಯಳ ಬೆನ್ನ ಆಚೆ ಏನಾಗುತ್ತಿದೆಯೋ ಕಾಣುತ್ತಿರಲಿಲ್ಲ. ಮೊಗುಲಮ್ಮ ಗೋಡೆಗೆ ಒರಗಿ ಉಟ್ಟ ಸೀರೆಯ ಚುಂಗನ್ನು ಬಾಯಿಗಿಟ್ಟುಕೊಂಡಿದ್ದಳು. ಬಹಳ ಹೊತ್ತಿನ ಮೇಲೆ ಬೆಕ್ಕಿನ ಮರಿಯಂಥ ಒಂದು ಸ್ವರ ಬಂತು, ನಿಂತಿತು, ಮತ್ತೆ ಬಂತು.

ಮಾಸು ತಾನಾಗಿ ಕಳಚುವವರೆಗೆ ಡಾಕ್ಟರು ಕಾಯಲಿಲ್ಲ. ಬಳ್ಳಿ ಹಿಡಿದು ಜಗ್ಗಿದ. ಮಾಸಿನ ಹಿಂದೆ ರಕ್ತ ಮೇಜಿನ ಅಂಚು ದಾಟಿ ನೆಲಕ್ಕೆ ಸುರಿಯಿತು. ಕಾವ್ಯ ಸೂಜಿಮದ್ದು ಚುಚ್ಚಿ ಹೊಟ್ಟೆ ಹಿಸುಕಿ ಹಿಸುಕಿ ಅದನ್ನು ತಹಬಂದಿಗೆ ತಂದಳು. ಈ ನಡುವೆ ಡಾಕ್ಟರ ಜೇಬಿನಲ್ಲಿ ಫೋನು ನಡುಗುತ್ತಲೇ ಇತ್ತು.

ಹೊಲಿಗೆಯ ತಟ್ಟೆ ಬಂತು. ಮರಗಟ್ಟಿಸುವ ಮದ್ದಿನ ಸೀಸೆ ಅದರಲ್ಲೇ ಇತ್ತು, ತುಂಬಿಯೇ ಇತ್ತು. ಕಾವ್ಯ ಸಿರಿಂಜಿಗೆ ಕೈ ಹಾಕಿದಾಗ ಡಾಕ್ಟರು ಬೇಡವೆಂದ. ಮದ್ದು ಹತ್ತುವವರೆಗೆ ಕಾಯುತ್ತ ನಿಲ್ಲಲು ಆಗುವುದಿಲ್ಲ, ಅಲ್ಲದೆ ಹೊಲದಲ್ಲಿ ದುಡಿಯುವ ಮೈ, ಇವುಗಳ ಚರ್ಮಕ್ಕೆ ಏನೂ ತಗಲುವುದಿಲ್ಲ ಎಂದ. ಸುಮ್ಮನೆ ಮಾತಾಡಿದಂತೆ ಹೇಳಿದ, ನಕ್ಕ ಕೂಡ. ದೇವಿಕಾಳಿಗೆ ತೆಲುಗು ತಿಳಿಯುತ್ತಿತ್ತು.

ಮೊದಲ ಸಲ ಸೂಜಿ ಒಳಹೊಕ್ಕಾಗ ಅವಳ ಮೈ ಮೇಜಿನಿಂದ ಮೇಲೆದ್ದು ಬಿತ್ತು. ಎರಡನೆಯ ಸಲ ಸೂಜಿ ಅರ್ಧ ಹೋಗಿದ್ದಾಗ ಅವಳು ಮೊಣಕೈಯೂರಿ ಎದ್ದು ಡಾಕ್ಟರ ಮಣಿಕಟ್ಟು ಹಿಡಿದಳು.

"ಮದ್ದು ಹಾಕು. ಆಮ್ಯಾಲ ಹೊಲಿ."

ಅವನಿಗೆ ಮೊದಲು ಅರ್ಥವೇ ಆಗಲಿಲ್ಲ. ಕೈ ಜಗ್ಗಿಕೊಂಡ. ಬರಲಿಲ್ಲ. ಕೈಗವಸು ಸುಕ್ಕುಗಟ್ಟಿ ಹರಿದು, ಅವಳ ಬೆರಳು ಅವನ ಬರಿಯ ಚರ್ಮಕ್ಕೆ ತಾಗಿತು. ಬಿಡು ಎಂದ, ಪೊಲೀಸರನ್ನು ಕರೆಸುತ್ತೇನೆ ಎಂದ, ಹೀಗೇ ಬಿಟ್ಟುಹೋದರೆ ಕೀವಾಗಿ ಸಾಯುತ್ತೀ ಎಂದ. ಕಾವ್ಯ ಉಕ್ಕಿನ ಇಕ್ಕಳದಿಂದ ಅವಳ ಗೆಣ್ಣುಗಳ ಮೇಲೆ ಹೊಡೆದಳು, ಮತ್ತೆ ಹೊಡೆದಳು. ಚರ್ಮ ಒಡೆಯಿತು. ಹಿಡಿತ ಬಿಡಲಿಲ್ಲ.

"ಕೈ ಬಿಡಲೇ ಸೂಳಿ. ಸಾಹೇಬ್ರಿಗೆ ಹೊತ್ತಾಗೈತಿ."

"ನನಗ ಅವಸರ ಇಲ್ಲ," ಎಂದಳು ದೇವಿಕಾ. ದನಿ ಏರಿರಲಿಲ್ಲ. ಹಲ್ಲು ಕಟಕಟನೆ ನಡುಗುತ್ತಿದ್ದವು.

ಡಾಕ್ಟರು ಲಕ್ಷ್ಮಣ್ ಎಂದು ಗೇಟಿನ ಕಾವಲುಗಾರನನ್ನು ಕೂಗಿದ. ವರಾಂಡದಲ್ಲಿ ಬೂಟಿನ ಸದ್ದು ಓಡಿ ಬಂತು. ಮೊಗುಲಮ್ಮ ಬಾಗಿಲಿಗೆ ಹೋದಳು. ತೆರೆಯಲು ಹೋದಳೆಂದೇ ಕಾವ್ಯ ಅಂದುಕೊಂಡಳು. ಮೊಗುಲಮ್ಮ ಚಿಲಕ ಹಾಕಿ, ಅದಕ್ಕೆ ಬೆನ್ನು ಕೊಟ್ಟು ನಿಂತಳು.

ಹೊರಗಿನಿಂದ ಒದೆತ ಬೀಳತೊಡಗಿತು. ಪ್ರತಿ ಒದೆತಕ್ಕೂ ಅವಳ ಮೈ ಮುಂದಕ್ಕೆ ಜೋಲಿ ಹೊಡೆದು ಮತ್ತೆ ಬಾಗಿಲಿಗೆ ಆತುಕೊಳ್ಳುತ್ತಿತ್ತು. ಮೇಜಿನ ಮೇಲೆ ಅರ್ಧ ಹೊಲಿದ ಸೀಳಿನಿಂದ ದಾರ ನೇತಾಡುತ್ತಿತ್ತು, ದಾರದ ತುದಿಯಲ್ಲಿ ಸೂಜಿ. ದೇವಿಕಾ ಇನ್ನೊಂದು ಕೈಯನ್ನೂ ತಂದು ಅದೇ ಮಣಿಕಟ್ಟಿಗೆ ಹಾಕಿದಳು.